ಕೇಳದೆ ಕೊಟ್ಟ ತೀರ್ಪು

ನಮ್ಮ ಕಾಲೇಜಿನಲ್ಲಿ ಲಲಿತಕಲೆಗಳಲ್ಲಿ ಪರಿಶ್ರಮವಿರುವ ಒಬ್ಬ ವಿದ್ಯಾರ್ಥಿಗೆ ಪ್ರತಿವರ್ಷವೂ ಒಂದು ಬಹುಮಾನ ಕೊಡುವ ಪದ್ಧತಿಯುಂಟು. ಹಣ ದೊಡ್ಡದೇನಲ್ಲ. ಆದರೆ ವಾರ್ಷಿಕೋತ್ಸವದ ದಿನ ತಂದೆತಾಯಿಗಳ ಎದುರಿಗೆ ವೇದಿಕೆ ಹತ್ತಿ ಅದನ್ನು ಪಡೆಯುವುದೆಂದರೆ ಹುಡುಗರಿಗೆ ದೊಡ್ಡ ಸಂಗತಿ. ಆಯ್ಕೆ ಸಮಿತಿಯಲ್ಲಿ ಮೂವರು ಅಧ್ಯಾಪಕರಿರುತ್ತಾರೆ. ಕನ್ನಡ ಪಾಠ ಹೇಳುವವನಿಗೆ ಸಕಲ ಕಲೆಗಳೂ ತಿಳಿದಿರುತ್ತವೆಂಬ ನಂಬಿಕೆ ನಮ್ಮಲ್ಲಿ ಬೇರೂರಿರುವುದರಿಂದ ಆ ಮೂವರಲ್ಲಿ ನಾನೂ ಒಬ್ಬ.

ಕಳೆದ ವರ್ಷ ಬಂದ ಅರ್ಜಿಗಳಲ್ಲಿ ಬಿ.ಎಸ್‌ಸಿ. ಕೊನೆಯ ವರ್ಷದ ಹುಡುಗಿಯೊಬ್ಬಳದು ಇತ್ತು. “ಇದುವರೆಗೆ ಎಲ್ಲೆಲ್ಲಿ ಕಛೇರಿ ಮಾಡಿರುತ್ತೀರಿ?” ಎಂಬ ಅಂಕಣದಲ್ಲಿ ಉಳಿದವರು ಗಣೇಶೋತ್ಸವ, ರಾಮನವಮಿ, ಅಂತರಕಾಲೇಜು ಸ್ಪರ್ಧೆ ಎಂದು ಬರೆದಿದ್ದರು. ಇವಳು ದುಂಡನೆಯ ಅಕ್ಷರಗಳಲ್ಲಿ, “ಬ್ರೀ ಪಟ್ಟಣದಲ್ಲಿ, ಪ್ರಾನ್ಸಿಂಗ್ ಪೋನಿ ಹೋಟೆಲಿನ ಮುಂದೆ, ಹನ್ನೊಂದು ಕಛೇರಿಗಳು” ಎಂದು ಬರೆದಿದ್ದಳು. ವಾಣಿಜ್ಯಶಾಸ್ತ್ರದ ಮಿತ್ರರು ಕನ್ನಡಕ ತೆಗೆದು ಒರಸಿಕೊಂಡು, “ಬ್ರೀ ಅಂದರೆ ಯಾವ ಜಿಲ್ಲೆಗೆ ಸೇರಿದ್ದು?” ಎಂದು ಕೇಳಿದರು. ಮೂರನೆಯವರು ಸಂಗೀತದಲ್ಲಿ ವಿದ್ವತ್ ಪರೀಕ್ಷೆ ಮುಗಿಸಿದವರು. ವಿಷಯ ಅವರಿಗೆ ಗೊತ್ತಿತ್ತು. “ಅದು ಊರೇ ಅಲ್ಲ ಸ್ವಾಮಿ, ಕಂಪ್ಯೂಟರಿನ ಆಟ. ಅದರೊಳಗೆ ಬೊಂಬೆಗಳು ನಿಂತು ತಂತಿ ಮೀಟುತ್ತವೆ” ಎಂದರು. ಮೂವರೂ ನಕ್ಕೆವು. ಅರ್ಜಿಯ ಮೇಲೆ “ಪರಿಗಣಿಸತಕ್ಕದ್ದಲ್ಲ” ಎಂದು ಬರೆದವನು ನಾನೇ. ಮೂವರಲ್ಲಿ ನನ್ನ ಕೈಬರಹ ಚೆನ್ನಾಗಿದೆಯೆಂದು ಆ ಕೆಲಸ ನನಗೆ ಬಂದಿತ್ತು.

ಎರಡು ದಿನಗಳ ತರುವಾಯ ಆ ಹುಡುಗಿ ಅಧ್ಯಾಪಕರ ಕೊಠಡಿಯ ಬಾಗಿಲಲ್ಲಿ ನಿಂತಳು. ಅಳುವಳೋ, ಜಗಳಕ್ಕೆ ನಿಲ್ಲುವಳೋ ಎಂದು ನಾನು ಮಾತುಗಳನ್ನು ಸಿದ್ಧಮಾಡಿಕೊಳ್ಳುತ್ತಿದ್ದೆ. ಅವಳು ಕೇಳಿದ್ದು ಒಂದೇ ಪ್ರಶ್ನೆ: “ನೀವು ಒಂದು ಸಲವಾದರೂ ಕೇಳಿದ್ರಾ ಸಾರ್?”

ನಾನು ಕೇಳಿರಲಿಲ್ಲ. ಇಪ್ಪತ್ತು ವರ್ಷಗಳಿಂದ ತರಗತಿಯಲ್ಲಿ, “ಮೂಲಕೃತಿಯನ್ನು ಓದದೆ ಅಭಿಪ್ರಾಯ ಬರೆಯಬೇಡಿ, ಗೈಡು ನೋಡಿ ವಿಮರ್ಶೆ ಮಾಡಬೇಡಿ” ಎಂದು ಗಂಟಲು ಹರಿದುಕೊಳ್ಳುತ್ತ ಬಂದವನು ನಾನು. ಆ ಪ್ರಶ್ನೆಗೆ ನನ್ನಲ್ಲಿ ಉತ್ತರವಿರಲಿಲ್ಲ. “ಯಾವಾಗ ಕೇಳಬಹುದು?” ಎಂದೆ. “ಭಾನುವಾರ ಬೆಳಗಿನ ಜಾವ ಐದೂವರೆಗೆ ಸಾರ್. ಆಗ ಅಮೆರಿಕದ ಪೂರ್ವತೀರದಲ್ಲಿ ಶನಿವಾರ ರಾತ್ರಿ ಎಂಟು ಗಂಟೆ” ಎಂದಳು.

ಈ ಲೇಖನದ ಉದ್ದೇಶ ಆ ಭಾನುವಾರದ ವರದಿಯನ್ನೊಪ್ಪಿಸುವುದಷ್ಟೇ ಆಗಿದ್ದರೆ ಪತ್ರಿಕೆಯ ಜಾಗವನ್ನು ಕೇಳುತ್ತಿರಲಿಲ್ಲ. ನಮ್ಮ ಸಮಿತಿಯಲ್ಲಿ ನಡೆದದ್ದು ಎಷ್ಟೋ ಸಭೆಗಳಲ್ಲಿ, ಎಷ್ಟೋ ಮನೆಗಳ ಪಡಸಾಲೆಗಳಲ್ಲಿ ದಿನವೂ ನಡೆಯುತ್ತಿದೆ. ಆಟದೊಳಗೆ ನುಡಿಸುವ ಸಂಗೀತ ಸಂಗೀತವಲ್ಲ, ಆ ಕಛೇರಿ ಕಛೇರಿಯಲ್ಲ ಎಂದು ಕೇಳದವರು ತೀರ್ಪು ಕೊಡುತ್ತಿದ್ದಾರೆ. ಆ ತೀರ್ಪನ್ನು ಕೊಟ್ಟವರಲ್ಲೊಬ್ಬನಾಗಿ ಅದನ್ನು ವಿರೋಧಿಸುವ ಹಕ್ಕು ನನಗಿದೆಯೆಂದು ಭಾವಿಸುತ್ತೇನೆ.

ಮೊದಲು ಈ ಆಟ ಯಾವುದೆಂಬುದನ್ನು ಅರಿಯದ ವಾಚಕರಿಗಾಗಿ ನಾಲ್ಕು ಮಾತು. ಆಕ್ಸ್‌ಫರ್ಡಿನಲ್ಲಿ ಹಳೆಯ ಇಂಗ್ಲಿಷನ್ನು ಬೋಧಿಸುತ್ತಿದ್ದ ಪ್ರಾಧ್ಯಾಪಕ ಜೆ. ಆರ್. ಆರ್. ಟಾಲ್ಕಿನ್ 1954 ಮತ್ತು 1955ರಲ್ಲಿ ಮೂರು ಸಂಪುಟಗಳಾಗಿ ಪ್ರಕಟಿಸಿದ ‘ದಿ ಲಾರ್ಡ್ ಆಫ್ ದಿ ರಿಂಗ್ಸ್’ ಎಂಬ ದೊಡ್ಡ ಕಥೆಯನ್ನು ಆಧರಿಸಿ, 2007ರಲ್ಲಿ ಅಮೆರಿಕದ ಟರ್ಬೈನ್ ಎಂಬ ಕಂಪನಿ ‘ದಿ ಲಾರ್ಡ್ ಆಫ್ ದಿ ರಿಂಗ್ಸ್ ಆನ್‌ಲೈನ್’ ಎಂಬ ಆಟವನ್ನು ಹೊರತಂದಿತು. ಬೇರೆಬೇರೆ ದೇಶಗಳ ಸಾವಿರಾರು ಜನ ತಮ್ಮ ತಮ್ಮ ಮನೆಗಳಲ್ಲಿ ಕುಳಿತು, ಅಂತರ್ಜಾಲದ ಮೂಲಕ ಒಂದೇ ಲೋಕದೊಳಕ್ಕೆ ಇಳಿಯುತ್ತಾರೆ. ಪ್ರತಿಯೊಬ್ಬರಿಗೂ ಅಲ್ಲೊಂದು ವೇಷ. ಕೆಲವರು ಬಿಲ್ಲುಗಾರರು, ಕೆಲವರು ಕತ್ತಿವರಸೆಯವರು. ‘ಮಿನ್‌ಸ್ಟ್ರೆಲ್’ ಎಂಬ ಗಾಯಕವರ್ಗವೂ ಉಂಟು. ಪಡುವಣ ದೇಶಗಳಲ್ಲಿ ಹಿಂದೆ ವೀರರ ಕಥೆಗಳನ್ನು ಹಾಡುತ್ತ ಊರೂರು ತಿರುಗುತ್ತಿದ್ದ ‘ಬಾರ್ಡ್’ ಎಂಬ ಹಾಡುಗಾರನ ವಂಶದವನೇ ಈತ. ಯುದ್ಧದಲ್ಲಿ ಜೊತೆಗಾರರ ಗಾಯ ಮಾಯಿಸುವುದು ಇವನ ಕಸುಬು.

ಗಾಯ ಮಾಯಿಸುವ ಆ ಹಾಡುಗಳು ಕಂಪನಿಯವರು ಮೊದಲೇ ಮಾಡಿಟ್ಟಂಥವು. ನಾನು ಹೇಳುತ್ತಿರುವುದು ಅವುಗಳ ವಿಷಯವಲ್ಲ. ಈ ಆಟದಲ್ಲಿ ವಾದ್ಯವನ್ನು ಕೈಗೆತ್ತಿಕೊಂಡು ಒಂದು ಆಜ್ಞೆಯನ್ನು ಬರೆದರೆ ಕಂಪ್ಯೂಟರಿನ ಕೀಲಿಮಣೆಯೇ ವಾದ್ಯವಾಗುತ್ತದೆ. ಲ್ಯೂಟ್, ಹಾರ್ಪ್, ಕೊಳಲು, ಕ್ಲಾರಿಯೊನೆಟ್, ಕಹಳೆ, ನಗಾರಿ, ಸ್ಕಾಟ್ಲೆಂಡಿನ ಚೀಲವಾದ್ಯ ಎಲ್ಲವೂ ಇವೆ. ಮೂರು ಸ್ಥಾಯಿಗಳ ವ್ಯಾಪ್ತಿಯಲ್ಲಿ ಆಟಗಾರನು ತನಗೆ ಬೇಕಾದದ್ದನ್ನು ನುಡಿಸಬಹುದು. ಮಿನ್‌ಸ್ಟ್ರೆಲ್ ಆದವನು ಉಳಿದವರಿಗೂ ವಾದ್ಯ ಕಲಿಸಬಹುದು. ಹತ್ತಿರ ನಿಂತವರಿಗೆ ಕೇಳುತ್ತದೆ. ದೂರ ಸರಿದರೆ ಕ್ಷೀಣಿಸುತ್ತದೆ. ಹೀಗೆ ನುಡಿಸಿ ಸಂತೆಯಲ್ಲಿ ನಾಲ್ಕು ಜನರನ್ನು ನಿಲ್ಲಿಸಿಕೊಂಡದ್ದಕ್ಕಾಗಿ ಯಾವ ರಾಕ್ಷಸನೂ ಸಾಯುವುದಿಲ್ಲ, ಯಾವ ಕೋಟೆಯೂ ಕೈಸೇರುವುದಿಲ್ಲ. ಫಲಾಪೇಕ್ಷೆಯಿಲ್ಲದ ಕರ್ಮವನ್ನು ವೇದಿಕೆಗಳ ಮೇಲೆ ಹೊಗಳುವ ನಾವು ಈ ಒಂದು ಅಂಶವನ್ನಾದರೂ ಗಮನಿಸಬೇಕಾಗಿತ್ತು.

ಇನ್ನು ಆ ಭಾನುವಾರ. ಪಿ.ಯು.ಸಿ. ಓದುವ ನನ್ನ ಮಗ ಹಿಂದಿನ ದಿನವೇ ನನಗೊಂದು ವೇಷವನ್ನು ಸಿದ್ಧಪಡಿಸಿದ್ದ. ಗಿಡ್ಡ ಆಳು, ಡೊಳ್ಳು ಹೊಟ್ಟೆ, ಬರಿಗಾಲು. ಇದು ಹಾಬಿಟ್ ಎಂಬ ಜಾತಿಯೆಂದೂ, ಹೋಲಿಕೆಯೇನಾದರೂ ಕಂಡರೆ ಅದು ಕೇವಲ ಆಕಸ್ಮಿಕವೆಂದೂ ಅವನು ವಾದಿಸಿದ. ಐದೂವರೆಗೆ ನಾನು ಆ ಗಿಡ್ಡನನ್ನು ನಡೆಸಿಕೊಂಡು, ಎರಡು ಸಲ ಗೋಡೆಗೆ ಡಿಕ್ಕಿ ಹೊಡೆದು, ಬ್ರೀ ಪಟ್ಟಣದ ಹೋಟೆಲಿನ ಮುಂದೆ ನಿಂತೆ.

ಐವರು ವಾದ್ಯಗಾರರಿದ್ದರು. ನಮ್ಮ ಹುಡುಗಿ ಹಾರ್ಪ್ ಹಿಡಿದಿದ್ದಳು. ಎದುರಿಗೆ ಮೂವತ್ತು ಜನರಿದ್ದಿರಬಹುದು. ಕೆಲವರು ಕುಣಿಯುತ್ತಿದ್ದರು, ಒಬ್ಬ ಚುಂಗಾಣಿ ಸೇದುತ್ತಿದ್ದ. ಕುದುರೆಯ ಮೇಲೆ ಹಾದುಹೋಗುತ್ತಿದ್ದವನೊಬ್ಬ ಸ್ವಲ್ಪ ದೂರ ಹೋಗಿ, ನಿಂತು, ತಿರುಗಿ ಬಂದು, ಕುದುರೆಯಿಂದಿಳಿದ. ಇನ್ನೊಬ್ಬಳು ಎರಡನೆಯ ಹಾಡಿನ ನಡುವೆ ಎದ್ದು ನಡೆದಳು. ಅವಳಿಗೆ ಅದು ಹಿಡಿಸಲಿಲ್ಲವೆಂದು ತೋರುತ್ತದೆ. ಮೂರು ಹಾಡುಗಳನ್ನು ಐವರೂ ಸೇರಿ ನುಡಿಸಿದರು. ಅವು ಐರ್ಲೆಂಡಿನ ಕಡೆಯ ಕುಣಿತದ ಧಾಟಿಗಳೆಂದು ಮಗ ಹೇಳಿದ. ಆಮೇಲೆ ನಾಲ್ವರು ಹಿಂದೆ ಸರಿದರು. ಹುಡುಗಿ ಒಬ್ಬಳೇ ನುಡಿಸಲು ತೊಡಗಿದಳು.

ಇದೇ ಸಮಯಕ್ಕೆ ನಾನು ಕಾಫಿ ತರಲು ಒಳಗೆ ಹೋಗಿದ್ದೆ. ಲೋಟ ಹಿಡಿದುಕೊಂಡು ಬರುವಾಗ ಕಿವಿಗೆ ಬಿದ್ದದ್ದು ಮೋಹನ ರಾಗ. ನಿಧಾನವಾಗಿ, ಒಂದೊಂದೇ ಸ್ವರವನ್ನು ಇಟ್ಟು ನೋಡಿ ಮುಂದಕ್ಕೆ ಹೋಗುವ ರೀತಿ. ಆರಂಭದ ಭಾಗ ನನಗೆ ತಪ್ಪಿತು. ಹಿಂದಕ್ಕೆ ತಿರುಗಿಸಿ ಕೇಳೋಣವೆಂದು ಮಗನಿಗೆ ಹೇಳಿದೆ. “ಹಾಗೆ ಬರೋದಿಲ್ಲ ಅಪ್ಪ, ಈಗ ನುಡಿಸುತ್ತಿದ್ದಾಳಲ್ಲ” ಎಂದ. ಕಾಫಿಗೆ ಹೋದ ಆ ಎರಡು ನಿಮಿಷ ನನ್ನ ಪಾಲಿಗೆ ಹೋದದ್ದೇ. ಕೇಳುಗರಲ್ಲಿ ಯಾರೋ, “ಇದು ಯಾವ ಧಾಟಿ?” ಎಂದು ಅಕ್ಷರಗಳಲ್ಲಿ ಕೇಳಿದರು. ಹುಡುಗಿ ನುಡಿಸುವುದನ್ನು ಮುಗಿಸಿ, “ಇದರ ಹೆಸರು ಮೋಹನ. ನಮ್ಮ ಕಡೆಯದು” ಎಂದು ಬರೆದಳು.

ಈಗ ಆಕ್ಷೇಪಣೆಗಳ ವಿಚಾರಕ್ಕೆ ಬರೋಣ.

ಮೊದಲನೆಯದು: “ನುಡಿಸುವುದು ಯಂತ್ರ, ಮನುಷ್ಯನದೇನು ಬಂತು?” ಇದರಲ್ಲಿ ಅರ್ಧ ಸತ್ಯವಿದೆ, ಆ ಅರ್ಧವನ್ನು ಒಪ್ಪಿಬಿಡುತ್ತೇನೆ. ಈ ಆಟದಲ್ಲಿ ನುಡಿಸುವ ವಿಧಾನಗಳು ಎರಡು. ಒಂದು, ನಮ್ಮ ಹುಡುಗಿ ಮೋಹನವನ್ನು ನುಡಿಸಿದಂತೆ ಆ ಕ್ಷಣದಲ್ಲಿ ಬೆರಳಿನಿಂದ ನುಡಿಸುವುದು. ಇನ್ನೊಂದು, ಮೊದಲೇ ಬರೆದಿಟ್ಟ ಸ್ವರಲಿಪಿಯನ್ನು ಆಟಕ್ಕೆ ಒಪ್ಪಿಸಿ ನುಡಿಸುವುದು. ಆ ಲಿಪಿಗೆ ‘ಎಬಿಸಿ’ ಎಂದೇ ಹೆಸರು. ಜನಪದ ಧಾಟಿಗಳನ್ನು ಬರಿಯ ಇಂಗ್ಲಿಷ್ ಅಕ್ಷರಗಳಲ್ಲಿ ಬರೆದಿಡುವುದಕ್ಕಾಗಿ ಬ್ರಿಟನ್ನಿನ ಕ್ರಿಸ್ ವಾಲ್ಷಾ ರೂಪಿಸಿದ ಈ ಪದ್ಧತಿ 1990ರ ದಶಕದಿಂದ ಅಂತರ್ಜಾಲದಲ್ಲಿ ಹರಡಿತು. ನಾವು ಸ್ವರಗಳನ್ನು ಸ ರಿ ಗ ಮ ಎಂದು ಬರೆದುಕೊಳ್ಳುವುದಕ್ಕೂ ಇದಕ್ಕೂ ಬಹಳ ದೂರವಿಲ್ಲ.

ಮೇಳವಾಗಿ ನುಡಿಸುವಾಗ ಈ ಲಿಪಿಯನ್ನು ಬಳಸುವುದಕ್ಕೆ ಕಾರಣ ಸೋಮಾರಿತನವಲ್ಲ. ಒಬ್ಬನು ಕೀಲಿ ಒತ್ತಿದರೆ ಆ ಸುದ್ದಿ ಎಲ್ಲಿಯೋ ಇರುವ ಕಂಪನಿಯ ಯಂತ್ರಕ್ಕೆ ಹೋಗಿ, ಅಲ್ಲಿಂದ ಎಲ್ಲರ ಮನೆಗೂ ಬರಬೇಕು. ದೂರ ಹೆಚ್ಚಿದ್ದವನದು ತಡವಾಗಿ ಬರುತ್ತದೆ, ಹತ್ತಿರದವನದು ಬೇಗ ಬರುತ್ತದೆ. ಈ ಹೆಚ್ಚುಕಡಿಮೆ ಕ್ಷಣದ ಒಂದು ಭಾಗ ಮಾತ್ರ. ಆದರೆ ತಾಳ ತಪ್ಪಲು ಅಷ್ಟು ಸಾಕೆಂಬುದನ್ನು ಮೃದಂಗದವರನ್ನು ಕೇಳಿದರೆ ಹೇಳುತ್ತಾರೆ. ಆದಕಾರಣ ಐವರೂ ತಮ್ಮ ತಮ್ಮ ಭಾಗವನ್ನು ಬರೆದಿಟ್ಟುಕೊಂಡು, ಒಬ್ಬನ ಸನ್ನೆಗೆ ಒಟ್ಟಿಗೆ ಆರಂಭಿಸುತ್ತಾರೆ.

ಬೇರೆ ಯಾರೋ ಬರೆದ ಲಿಪಿಯನ್ನು ಎತ್ತಿಕೊಂಡು ಬಂದು, ಗುಂಡಿಯೊತ್ತಿ, ವಾದ್ಯಗಾರನೆನಿಸಿಕೊಳ್ಳುವವನಿಗೆ ನಾನೂ ಬಹುಮಾನ ಕೊಡಲಾರೆ. ಅವನು ಗೈಡು ಬಾಯಿಪಾಠ ಮಾಡಿದ ವಿದ್ಯಾರ್ಥಿಗೆ ಸಮಾನ. ಆದರೆ ಒಂದು ಹಾಡನ್ನು ಕೇಳಿ, ಅದರಲ್ಲಿ ಮುಖ್ಯವಾದದ್ದು ಯಾವುದೆಂದು ಆರಿಸಿ, ಮೂರು ಸ್ಥಾಯಿಗಳೊಳಗೆ ಹಿಡಿಸಿ, ಐದು ವಾದ್ಯಗಳಿಗೆ ಹಂಚಿ, ಹೆಚ್ಚಾದದ್ದನ್ನು ಬಿಡುವವನು ಮಾಡುವ ಕೆಲಸಕ್ಕೆ ಕಿವಿ ಬೇಕು, ವಿವೇಕ ಬೇಕು, ಎಷ್ಟೋ ರಾತ್ರಿಗಳ ನಿದ್ದೆ ಕೆಡಬೇಕು. ಕಳ್ಳನೂ ದುಡಿಯುವವನೂ ಒಂದೇ ಬೀದಿಯಲ್ಲಿ ಓಡಾಡುತ್ತಾರೆಂದು ಬೀದಿಯನ್ನೇ ಮುಚ್ಚಿಸುವವರುಂಟೆ? ಇವನಾರು, ಅವನಾರು ಎಂದು ಬೇರ್ಪಡಿಸುವುದಕ್ಕಾಗಿಯೇ ಅಲ್ಲವೆ ಸಮಿತಿಯೆಂಬುದಿರುವುದು? ನಾವು ಆ ಕೆಲಸವನ್ನು ಮಾಡಲಿಲ್ಲ.

ಯಂತ್ರವೆಂಬ ಕಾರಣಕ್ಕೇ ಮೂಗು ಮುರಿಯುವವರಿಗೆ ನಮ್ಮದೇ ಚರಿತ್ರೆಯನ್ನು ಜ್ಞಾಪಿಸಬೇಕಾಗಿದೆ. 1902ರಲ್ಲಿ ಕಲ್ಕತ್ತೆಯಲ್ಲಿ ಗೌಹರ್ ಜಾನ್ ಗ್ರಾಮಫೋನಿನ ಕಹಳೆಯ ಮುಂದೆ ಹಾಡಿದರು. ಗಂಟೆಗಟ್ಟಲೆ ಹಾಡಬಲ್ಲವರು ಒಂದು ತಟ್ಟೆಗಾಗಿ ಸುಮಾರು ಮೂರು ನಿಮಿಷಗಳಲ್ಲಿ ಮುಗಿಸಬೇಕಾಗಿತ್ತು. ಹಾಡಿನ ಕೊನೆಯಲ್ಲಿ ತಮ್ಮ ಹೆಸರನ್ನು ತಾವೇ ಇಂಗ್ಲಿಷಿನಲ್ಲಿ ಸಾರಿ ಹೇಳಿದರು. ಅಂದು ಯಂತ್ರದ ಮುಂದೆ ಹಾಡಲೊಲ್ಲದ ವಿದ್ವಾಂಸರಿಗೂ ಕೊರತೆಯಿರಲಿಲ್ಲ. ಕೊನೆಗಾಲದಲ್ಲಿ ಮೈಸೂರು ಆಸ್ಥಾನವನ್ನು ಆಶ್ರಯಿಸಿ 1930ರಲ್ಲಿ ಮೈಸೂರಿನಲ್ಲಿಯೇ ಕಾಲವಾದ ಆ ಗಾಯಕಿಯ ಕಂಠ ಇಂದಿಗೂ ನಮಗೆ ದೊರೆಯುತ್ತಿದ್ದರೆ ಅದು ಆ ಮೂರು ನಿಮಿಷಗಳ ದೆಸೆಯಿಂದ. 1935ರಲ್ಲಿ ಮಹಾರಾಜ ಕಾಲೇಜಿನ ಮನಶ್ಶಾಸ್ತ್ರದ ಪ್ರಾಧ್ಯಾಪಕ ಎಂ. ವಿ. ಗೋಪಾಲಸ್ವಾಮಿಯವರು ಮೈಸೂರಿನ ತಮ್ಮ ಮನೆಯಿಂದಲೇ ಬಾನುಲಿ ಪ್ರಸಾರ ಆರಂಭಿಸಿದರು. ಕಾಲೇಜು ಅಧ್ಯಾಪಕರು ಹೊಸದರ ಬಾಗಿಲನ್ನು ತೆರೆದ ಉದಾಹರಣೆ ಇದು. ಮುಚ್ಚಿದ ಉದಾಹರಣೆಗೆ ನಮ್ಮ ಸಮಿತಿಯಿದೆ.

ಸಂಗೀತದ ಮಿತ್ರರು ಇದಕ್ಕಿಂತ ಸೂಕ್ಷ್ಮವಾದ ಆಕ್ಷೇಪವೊಂದನ್ನು ಎತ್ತಿದರು. ಆಟದ ವಾದ್ಯಗಳಲ್ಲಿ ಸ್ವರಗಳು ಕಲ್ಲಿನಂತೆ ನಿಂತುಬಿಟ್ಟಿವೆ, ಒಂದರಿಂದ ಇನ್ನೊಂದಕ್ಕೆ ಜಾರುವಂತಿಲ್ಲ, ಗಮಕವಿಲ್ಲದ ಮೇಲೆ ಕರ್ನಾಟಕ ಸಂಗೀತವೆಲ್ಲಿ ಎಂದು. ಮಾತು ನಿಜ. ಹುಡುಗಿಗೂ ಇದು ಗೊತ್ತು. “ಅದಕ್ಕೇ ಸಾರ್, ನಾನು ತೋಡಿಯನ್ನು ಮುಟ್ಟುವುದಿಲ್ಲ. ಮೋಹನ, ಹಂಸಧ್ವನಿ ಆದರೆ ಅಷ್ಟಿಷ್ಟು ತಾಳಿಕೊಳ್ಳುತ್ತವೆ” ಎಂದು ಅವಳೇ ನನಗೆ ಹೇಳಿದಳು. ವಾದ್ಯದ ಬಡತನವನ್ನರಿತು ರಾಗವನ್ನು ಆರಿಸುವವಳಿಗೆ ವಿವೇಕವಿಲ್ಲವೆಂದು ಹೇಗೆ ಹೇಳೋಣ? ಇದೇ ದೋಷವನ್ನು ಮುಂದುಮಾಡಿ 1940ರಲ್ಲಿ ಆಲ್ ಇಂಡಿಯಾ ರೇಡಿಯೋ ಹಾರ್ಮೋನಿಯಮ್ಮನ್ನು ಬಹಿಷ್ಕರಿಸಿತು. 1971ರವರೆಗೆ ಆ ಬಹಿಷ್ಕಾರ ಸಡಿಲವಾಗಲಿಲ್ಲ. ಅಷ್ಟು ಕಾಲವೂ ನಮ್ಮ ಕಂಪನಿ ನಾಟಕಗಳಲ್ಲಿ ಹಾರ್ಮೋನಿಯಂ ಮೇಷ್ಟರು ಕಾಲಿನಿಂದ ತಿದಿಯೊತ್ತುತ್ತಲೇ ಇದ್ದರು, ಜನ ಕೇಳುತ್ತಲೇ ಇದ್ದರು. ವಾದ್ಯದ ಕೊರತೆಯನ್ನು ಕೊರತೆಯೆಂದು ಹೇಳುವುದು ವಿಮರ್ಶೆ. ಅದರ ನೆಪದಲ್ಲಿ ವಾದ್ಯಗಾರನನ್ನು ಹೊರಗೆ ನಿಲ್ಲಿಸುವುದು ಬೇರೆಯ ವ್ಯವಹಾರ.

ಎರಡನೆಯ ಆಕ್ಷೇಪ: “ಕೇಳುವವರೇ ನಿಜವಲ್ಲ. ಬೊಂಬೆಗಳ ಮುಂದೆ ಬೊಂಬೆ ನುಡಿಸಿದರೆ ಅದು ಕಛೇರಿಯೆ?” ಬೊಂಬೆಯ ಹಿಂದೆ ಮನುಷ್ಯನಿದ್ದಾನೆಂಬುದನ್ನು ತೊಗಲುಗೊಂಬೆ, ಸೂತ್ರದ ಗೊಂಬೆಗಳ ಆಟವನ್ನು ನೋಡಿ ಬೆಳೆದ ನಾಡಿನವರಿಗೆ ನಾನು ಹೇಳಿಕೊಡಬೇಕೆ? ಆ ಕುದುರೆಯವನು ತಿರುಗಿ ಬಂದದ್ದು ಬೊಂಬೆಯ ಇಚ್ಛೆಯಿಂದಲ್ಲ. ಎಲ್ಲಿಯೋ ಒಂದು ಮನೆಯಲ್ಲಿ, ರಾತ್ರಿಯ ಊಟ ಮುಗಿಸಿ ಕುಳಿತಿದ್ದ ಒಬ್ಬ ಮನುಷ್ಯನ ಕಿವಿಗೆ ಏನೋ ಬಿದ್ದು, ಅವನು ಹಿಡಿದಿದ್ದ ಕೆಲಸವನ್ನು ಬಿಟ್ಟು ನಿಂತ.

ನಮ್ಮ ಸಭೆಗಳಲ್ಲಿ ಕೇಳುಗರನ್ನು ಹಿಡಿದಿಡುವ ಉಪಾಯಗಳು ಎಷ್ಟಿವೆಯೆಂಬುದನ್ನು ಎಣಿಸಿ ನೋಡೋಣ. ಅಧ್ಯಕ್ಷರ ಮುಖ ನೋಡಿ ಕೂರುವವರಿದ್ದಾರೆ. ಹಾಡುವವರು ನಂಟರಾದ್ದರಿಂದ ಕೂರುವವರಿದ್ದಾರೆ. ಕೊನೆಯಲ್ಲಿ ಉಪಾಹಾರವಿದೆಯೆಂದು ಕೂರುವವರಿದ್ದಾರೆ. ವಿದ್ಯಾರ್ಥಿಗಳಾದರೆ ಹಾಜರಿಯ ಭಯದಿಂದ ಕೂರುತ್ತಾರೆ. ವೇದಿಕೆಯ ಮೇಲೆ ಹನ್ನೆರಡು ಮಂದಿ, ಕೆಳಗೆ ಎಂಟು ಮಂದಿ ಇದ್ದ ಸಾಹಿತ್ಯ ಸಭೆಯಲ್ಲಿ ನಾನೇ ಭಾಷಣ ಮಾಡಿದ್ದೇನೆ. ಆ ಎಂಟರಲ್ಲಿ ಇಬ್ಬರು ಶಾಮಿಯಾನದವರು. ಬ್ರೀ ಪಟ್ಟಣದ ಕೇಳುಗರಿಗೆ ಇಂಥ ಯಾವ ಕಟ್ಟೂ ಇಲ್ಲ. ಬೇಡವೆನಿಸಿದರೆ ಹೆಜ್ಜೆ ಕಿತ್ತು ನಡೆಯಬಹುದು. ಆದರೂ ಅವರಲ್ಲಿ ಹೆಚ್ಚಿನವರು ಮುಕ್ಕಾಲು ಗಂಟೆ ನಿಂತಿದ್ದರು. ನುಡಿಸುವವರೂ ಅವರನ್ನು ನೋಡುತ್ತ, ಕುಣಿಯುವವರು ದಣಿದಾಗ ನಿಧಾನದ ಧಾಟಿಗೆ ಇಳಿದರು. ನುಡಿಸುವವನು, ಕೇಳುವವನು, ಇಬ್ಬರೂ ಒಟ್ಟಿಗಿರುವ ಒಂದು ಹೊತ್ತು, ಮೆಚ್ಚದವನಿಗೆ ಎದ್ದುಹೋಗುವ ಸ್ವಾತಂತ್ರ್ಯ: ಕಛೇರಿಗೆ ಇದಕ್ಕಿಂತ ಹೆಚ್ಚಿನದು ಏನು ಬೇಕು?

ಕೇಳುಗನಿಗೂ ಗಾಯಕನಿಗೂ ಇರುವ ನಂಟನ್ನು ಈ ಆಟಗಳನ್ನು ಕಟ್ಟಿದವರಲ್ಲಿ ಕೆಲವರು ನಮಗಿಂತ ಚೆನ್ನಾಗಿ ಬಲ್ಲವರೆಂದು ತೋರುತ್ತದೆ. 2003ರಲ್ಲಿ ಬಂದ ‘ಸ್ಟಾರ್ ವಾರ್ಸ್ ಗ್ಯಾಲಕ್ಸೀಸ್’ ಎಂಬ ಆಟದಲ್ಲಿ ಗಾಯಕರದೂ ನರ್ತಕರದೂ ಒಂದು ಪ್ರತ್ಯೇಕ ವೃತ್ತಿಯಾಗಿತ್ತು. ಹೋರಾಡಿ ದಣಿದ ಯೋಧರು ಪಾನಗೃಹಕ್ಕೆ ಬಂದು, ಸಂಗೀತ ಕೇಳಿ, ನರ್ತನ ನೋಡಿ ದಣಿವಾರಿಸಿಕೊಂಡು ಹೋಗಬೇಕೆಂಬ ನಿಯಮವನ್ನು ಅಲ್ಲಿ ಇಟ್ಟಿದ್ದರು. ಆದರೆ ಅಲ್ಲಿಯ ಹಾಡುಗಳೆಲ್ಲ ಕಂಪನಿಯವರು ಕೊಟ್ಟವು. ಗಾಯಕನಿಗೆ ಇದ್ದದ್ದು ಆಯ್ಕೆಮಾಡುವ ಅಧಿಕಾರ ಮಾತ್ರ. ಮರುವರ್ಷ ಕೊರಿಯಾದಲ್ಲಿ ಬಂದ ‘ಮಾಬಿನೋಗಿ’ ಎಂಬ ಆಟ ಆಟಗಾರರು ತಾವೇ ಸಂಗೀತ ರಚಿಸಲು ಅವಕಾಶ ಕೊಟ್ಟಿತು. ಟಾಲ್ಕಿನ್ನರ ಲೋಕದ ಆಟದಲ್ಲಿ ಈ ಸ್ವಾತಂತ್ರ್ಯ ದೊರೆತ ಎರಡೇ ವರ್ಷಗಳಲ್ಲಿ, ಅಂದರೆ 2009ರಲ್ಲಿ, ಆಟಗಾರರೇ ಕಲೆತು ಒಂದು ಸಂಗೀತೋತ್ಸವವನ್ನು ಹೂಡಿದರು. ‘ಲೋನ್ಲಿ ಮೌಂಟನ್ ಬ್ಯಾಂಡ್’ ಎಂಬ ಆಟಗಾರರ ಬಳಗ ಲ್ಯಾಂಡ್ರೋವಲ್ ಎಂಬ ಸರ್ವರಿನಲ್ಲಿ ಆರಂಭಿಸಿದ ಆ ಉತ್ಸವಕ್ಕೆ ‘ವೆದರ್‌ಸ್ಟಾಕ್’ ಎಂದು ಹೆಸರು. 1969ರ ವುಡ್‌ಸ್ಟಾಕ್ ಉತ್ಸವದ ಹೆಸರನ್ನು ಹಾಸ್ಯಕ್ಕೆ ತಿರುಗಿಸಿದ್ದು. ಮುಂದೆ ವರ್ಷವರ್ಷವೂ ಮೇಳಗಳು ಒಂದರ ಹಿಂದೊಂದು ಬಂದು ಅಲ್ಲಿ ನುಡಿಸಿದವು. ಹೀಗೆ ಮಾಡಿರೆಂದು ಕಂಪನಿ ಯಾರಿಗೂ ಹೇಳಿರಲಿಲ್ಲ.

ಮೂರನೆಯ ಆಕ್ಷೇಪ ನಮ್ಮ ಕನ್ನಡದವರದೇ: “ಯಾರದೋ ಕಥೆ, ಯಾವುದೋ ಊರು. ನಮ್ಮ ಮಕ್ಕಳು ಅಲ್ಲಿ ಹೋಗಿ ಹಾಡುವುದೇನು?” ಹೀಗೆನ್ನುವವರು ವೆದರ್‌ಸ್ಟಾಕ್ ನಡೆದ ಸ್ಥಳವನ್ನು ಸ್ವಲ್ಪ ಗಮನಿಸಬೇಕು. ಅದು ವೆದರ್‌ಟಾಪ್ ಎಂಬ ಬೋಳುಗುಡ್ಡ. ಟಾಲ್ಕಿನ್ನರ ಕಥೆಯಲ್ಲಿ ಆ ಗುಡ್ಡದ ಮಗ್ಗುಲಲ್ಲಿಯೇ, ಶತ್ರುಗಳು ಹೊಂಚುತ್ತಿರುವ ಇರುಳಿನಲ್ಲಿ, ಹೆದರಿದ ಜೊತೆಗಾರರಿಗೆ ದಾರಿಗಾರನೊಬ್ಬ ಹಳೆಯ ಪ್ರೇಮಕಥೆಯೊಂದನ್ನು ಹಾಡಿ ಹೇಳುತ್ತಾನೆ. ಆ ಸಂಪುಟಗಳ ತುಂಬ ಹಾಡುಗಳಿವೆ. ಆ ಲೋಕಕ್ಕೆ ಹೋಗಿ ಹಾಡುವವನು ಕಥೆಯನ್ನು ಓದಿ ಅರ್ಥಮಾಡಿಕೊಂಡವನು. ಕತ್ತಿಯನ್ನಷ್ಟೇ ಬೀಸಿ ಬರುವವನಿಗಿಂತ ಒಳ್ಳೆಯ ಓದುಗ. ಅದೂ ಅಲ್ಲದೆ, ಬಿ. ಎಂ. ಶ್ರೀಕಂಠಯ್ಯನವರ ‘ಇಂಗ್ಲಿಷ್ ಗೀತಗಳು’ ಸಂಕಲನವನ್ನು ಹೊಸಗನ್ನಡ ಕಾವ್ಯದ ಅರುಣೋದಯವೆಂದು ವರ್ಷವರ್ಷವೂ ಪಾಠ ಹೇಳುವ ನಾವು, ಹೊರಗಿನ ಊರೆಂದು ಬಾಗಿಲು ಹಾಕಿಕೊಳ್ಳುವುದು ಯಾವ ಮುಖದಿಂದ? ಶ್ರೀಯವರು ಅಲ್ಲಿಯದನ್ನು ಇಲ್ಲಿಗೆ ತಂದರು. ಈ ಹುಡುಗಿ ಇಲ್ಲಿಯ ಮೋಹನವನ್ನು ಅಲ್ಲಿಗೆ ಒಯ್ದಳು. ಎರಡಕ್ಕೂ ಹೋಲಿಕೆ ಸಲ್ಲದೆಂದು ಕೋಪಿಸಿಕೊಳ್ಳುವವರ ಕೋಪವನ್ನು ಸಹಿಸಬಲ್ಲೆ. ಗಾತ್ರ ಬೇರೆ, ಕೆಲಸದ ಜಾತಿ ಒಂದೇ.

ಗಮಕ ಕಲೆ ಅಳಿಯುತ್ತಿದೆ, ಭಾರತವಾಚನ ಕೇಳುವವರಿಲ್ಲ ಎಂದು ಗೋಳಿಡುವವರಲ್ಲಿ ನಾನೂ ಒಬ್ಬ. ನನ್ನ ಅಜ್ಜನ ಕಾಲದಲ್ಲಿ ನಮ್ಮೂರ ದೇವಸ್ಥಾನದ ಜಗಲಿಯ ಮೇಲೆ ಒಬ್ಬರು ಕುಮಾರವ್ಯಾಸನನ್ನು ಓದುತ್ತಿದ್ದರು, ಇನ್ನೊಬ್ಬರು ಅರ್ಥ ಹೇಳುತ್ತಿದ್ದರು. ಹೊಲದಿಂದ ಬಂದವರು ಕೈಕಾಲು ತೊಳೆದು ಸುತ್ತ ಕೂರುತ್ತಿದ್ದರಂತೆ. ಆ ಜಗಲಿ ಖಾಲಿಯಾದದ್ದಕ್ಕೆ ಈ ಆಟಗಳು ಕಾರಣವೆಂದು ದೂರುವವರಿದ್ದಾರೆ. ಈ ಆಟಗಳು ಹುಟ್ಟುವುದಕ್ಕೆ ಎಷ್ಟೋ ಮೊದಲೇ ಜಗಲಿಯನ್ನು ಬಿಟ್ಟು ಎದ್ದವರು ನಾವು. ಬಾನುಲಿಗೆ ಎದ್ದೆವು, ಸಿನಿಮಾಕ್ಕೆ ಎದ್ದೆವು, ಟೆಲಿವಿಷನ್ನಿಗೆ ಎದ್ದೆವು. ಹಾಡುವವನ ಎದುರಿಗೆ ಸುತ್ತುಗಟ್ಟಿ ಕೂರುವ ಅಭ್ಯಾಸವನ್ನು ನಮ್ಮ ಮಕ್ಕಳು ತಮಗೆ ಸಿಕ್ಕ ಜಾಗದಲ್ಲಿ, ಸಿಕ್ಕ ವಾದ್ಯದಲ್ಲಿ ಮತ್ತೆ ಕಲಿಯುತ್ತಿದ್ದಾರೆ. ಅದಕ್ಕೆ ನಾವು ಮಾಡಿದ ಸ್ವಾಗತ “ಪರಿಗಣಿಸತಕ್ಕದ್ದಲ್ಲ” ಎಂಬುದು.

ಇಷ್ಟು ಹೇಳಿದ ಮೇಲೆ, ಈ ಕಲೆಯ ವಿಷಯದಲ್ಲಿ ನನಗೆ ಭಯವೇ ಇಲ್ಲವೆಂದರೆ ಸುಳ್ಳಾಗುತ್ತದೆ. ಭಯವಿದೆ, ಆದರೆ ಅದು ಸಮಿತಿಯ ಮಿತ್ರರಿಗೆ ಕಂಡ ಭಯವಲ್ಲ. ದೇವಸ್ಥಾನದ ಜಗಲಿ ಊರಿನದು. ಬ್ರೀ ಪಟ್ಟಣದ ಬೀದಿ ಒಂದು ಕಂಪನಿಯದು. ಟರ್ಬೈನ್ ನಡೆಸುತ್ತಿದ್ದ ಆಟವು 2016ರ ಕೊನೆಯಲ್ಲಿ ಸ್ಟ್ಯಾಂಡಿಂಗ್ ಸ್ಟೋನ್ ಗೇಮ್ಸ್ ಎಂಬ ಬೇರೆ ಸಂಸ್ಥೆಯ ಕೈಗೆ ಹೋಯಿತು. ಅಲ್ಲಿ ಹಾಡುತ್ತಿದ್ದವರನ್ನು ಯಾರೂ ಕೇಳಲಿಲ್ಲ, ಕೇಳುವ ನಿಯಮವೂ ಇಲ್ಲ. ಯೋಧರು ದಣಿವಾರಿಸಿಕೊಳ್ಳಲು ಬರುತ್ತಿದ್ದ ‘ಸ್ಟಾರ್ ವಾರ್ಸ್ ಗ್ಯಾಲಕ್ಸೀಸ್’ ಆಟದ ಪಾನಗೃಹಗಳು 2011ರ ಡಿಸೆಂಬರ್ 15ರಂದು ಆ ಆಟದೊಡನೆಯೇ ಮುಚ್ಚಿಹೋದವು. ಎಂಟು ವರ್ಷಗಳ ಕಾಲ ಅಲ್ಲಿ ನುಡಿಸಿ ಹೆಸರು ಗಳಿಸಿದವರಿಗೆ ಮಾರನೆಯ ದಿನ ನಿಲ್ಲಲು ನೆಲವಿರಲಿಲ್ಲ. ಊರು ಮುಳುಗಿದರೆ ದೇವಸ್ಥಾನದ ಕಲಶವಾದರೂ ಬೇಸಗೆಯಲ್ಲಿ ಕಾಣಿಸುತ್ತದೆ. ಅಲ್ಲಿ ಅದೂ ಇಲ್ಲ.

ಈ ಅಪಾಯವೇ ನನ್ನ ವಾದಕ್ಕೆ ಇನ್ನಷ್ಟು ಬಲ ಕೊಡುತ್ತದೆ. ನೆಲ ಅವರದಲ್ಲದ್ದರಿಂದ, ಈ ಹುಡುಗರು ಮಾಡಿದ್ದಕ್ಕೆ ಸಾಕ್ಷಿಯಾಗಿ ಉಳಿಯುವುದು ಕೇಳಿದವರ ನೆನಪು, ನೋಡಿದವರ ಬರವಣಿಗೆ, ಅಲ್ಲೊಂದು ಇಲ್ಲೊಂದು ದಾಖಲೆ. ಇಂಥ ಹೊತ್ತಿನಲ್ಲಿ ಕಾಲೇಜು, ಪತ್ರಿಕೆ, ಸಂಗೀತ ಸಭೆ ಮೊದಲಾದ ಸಂಸ್ಥೆಗಳು ಮಾಡಬೇಕಾದ ಕೆಲಸವಿದೆ. ಕೇಳಿ ಒಳ್ಳೆಯದನ್ನು ಒಳ್ಳೆಯದೆನ್ನುವುದು, ಜಳ್ಳನ್ನು ಜಳ್ಳೆನ್ನುವುದು, ಎರಡನ್ನೂ ಬರೆದಿಡುವುದು. ನಮ್ಮ ಮನೆಗಳಲ್ಲಿ ಹೆಂಗಸರು ಬೀಸುವಾಗ ಕುಟ್ಟುವಾಗ ಹಾಡಿದ ಹಾಡುಗಳನ್ನು ಬಹುಕಾಲ ಸಾಹಿತ್ಯವಲ್ಲವೆಂದು ತಳ್ಳಿಹಾಕಿ, ಬೀಸುವ ಕಲ್ಲು ಮೂಲೆ ಸೇರಿದ ಮೇಲೆ ಪುಸ್ತಕ ಹಿಡಿದು ಮುದುಕಿಯರನ್ನು ಹುಡುಕಿಕೊಂಡು ಹೋದವರು ನಾವು. ಒಮ್ಮೆ ಮಾಡಿದ ತಪ್ಪನ್ನು ಅದೇ ಕ್ರಮದಲ್ಲಿ ಎರಡನೆಯ ಸಲವೂ ಮಾಡಬೇಕೆ?

ಈ ಸಲದ ಸಮಿತಿಯ ಮೊದಲ ಸಭೆಯಲ್ಲಿ ನಾನು ಒಂದು ಸೂಚನೆಯನ್ನು ಮಂಡಿಸಿದೆ. ಅರ್ಜಿ ನಮೂನೆಯಿಂದ “ಎಲ್ಲೆಲ್ಲಿ ಕಛೇರಿ ಮಾಡಿರುತ್ತೀರಿ?” ಎಂಬ ಅಂಕಣವನ್ನು ತೆಗೆದುಹಾಕಬೇಕು, ಪ್ರತಿಯೊಬ್ಬ ಅಭ್ಯರ್ಥಿಯನ್ನೂ, ಅವನು ಎಲ್ಲಿ ಹಾಡುವನೋ ಅಲ್ಲಿಯೇ, ಮೂವರು ಸದಸ್ಯರೂ ಕೇಳತಕ್ಕದ್ದು. ವಾಣಿಜ್ಯಶಾಸ್ತ್ರದ ಮಿತ್ರರು ಖರ್ಚಿಲ್ಲದ ಸೂಚನೆಯಾದ್ದರಿಂದ ಒಪ್ಪಿದರು. ಸಂಗೀತದ ಮಿತ್ರರು ಒಪ್ಪಲಿಲ್ಲ. “ಇಂದು ಇದನ್ನು ಒಳಕ್ಕೆ ಬಿಟ್ಟರೆ ನಾಳೆ ಏನೇನನ್ನು ಬಿಡಬೇಕಾಗುತ್ತದೋ” ಎಂದರು. ವಿಷಯ ಮುಂದಿನ ಸಭೆಗೆ ಹೋಗಿದೆ.

ಆ ಹುಡುಗಿ ಡಿಗ್ರಿ ಮುಗಿಸಿ ಹೊರಟುಹೋದಳು. ಹಿಂದಿನ ವರ್ಷದ ಬಹುಮಾನವನ್ನು ಈಗ ಕೊಡಲು ನಿಯಮವಿಲ್ಲ. ಟಿ.ಸಿ. ತೆಗೆದುಕೊಳ್ಳಲು ಬಂದ ದಿನ ಅವಳಿಗೆ ನಾನು, “ಸಮಿತಿಯಲ್ಲಿ ತಪ್ಪಾಯಿತಮ್ಮ, ಬರೆದವನು ನಾನೇ” ಎಂದು ಹೇಳಿದೆ. ಅವಳು, “ಬಂದು ಕೇಳಿದಿರಲ್ಲ ಸಾರ್” ಎಂದಳು. ಅವಳು ಉದಾರಿ. ಆದರೆ ಅವಳ ತಂದೆತಾಯಿಗಳು ಆ ಸಂಜೆ ವಾರ್ಷಿಕೋತ್ಸವದಲ್ಲಿ ಹಿಂದಿನ ಸಾಲಿನಲ್ಲಿ ಕುಳಿತು ಬೇರೆಯವರ ಮಕ್ಕಳಿಗೆ ಚಪ್ಪಾಳೆ ತಟ್ಟಿದ್ದನ್ನು ನಾನು ಕಂಡಿದ್ದೇನೆ. ಅದನ್ನು ನಾನಾಗಲಿ ಸಮಿತಿಯಾಗಲಿ ಈಗ ತಿದ್ದುವಂತಿಲ್ಲ.

ಸಂಗೀತದ ಮಿತ್ರರು ಈ ಪುರವಣಿಯನ್ನು ತಪ್ಪದೆ ಓದುವವರು. ಆದ್ದರಿಂದ ಅವರಿಗೆ ಇಲ್ಲಿಯೇ ಅರಿಕೆ ಮಾಡಿಕೊಳ್ಳುತ್ತೇನೆ. ಮುಂದಿನ ಸಭೆಗೆ ಮೊದಲು ಒಂದು ಭಾನುವಾರ ಬೆಳಗ್ಗೆ ಐದೂವರೆಗೆ ನಮ್ಮ ಮನೆಗೆ ದಯಮಾಡಿಸಬೇಕು. ಕಾಫಿ ಐದೂಕಾಲಿಗೇ ಸಿದ್ಧವಾಗಿರುತ್ತದೆ. ನಡುವೆ ಎದ್ದುಹೋಗುವ ಪ್ರಮೇಯ ಬರುವುದಿಲ್ಲ. ಕೇಳಿದ ಮೇಲೆಯೂ ಅವರು “ಇದು ಸಂಗೀತವಲ್ಲ” ಎಂದರೆ ಆ ಮಾತಿಗೆ ನಾನು ತಲೆಬಾಗುತ್ತೇನ. ಹಾಗಾದರೂ ಅದು ಕೇಳಿದವರ ಮಾತಾಗುತ್ತದೆ.